ಬೋರ್‌ವೆಲ್ ಪ್ರಶ್ನೆ ಕೇಳಿದ ಹುಡುಗಿ ಸೈನ್ಸ್ ಯಾಕೆ ತಗೊಳ್ಳಲಿಲ್ಲ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ಚಳ್ಳಕೆರೆ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಮೇಷ್ಟ್ರು. ನಮ್ಮ ಶಾಲೆಗೆ ಬರುವವರು ಹೆಚ್ಚಾಗಿ ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಎಸ್‌ಸಿ ಕಾಲೊನಿಯ ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ಈ ಸಲ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ನಾಲ್ಕು ಹುಡುಗಿಯರು ತುಂಬ ಒಳ್ಳೆ ಅಂಕ ತೆಗೆದರು. ಒಬ್ಬಳೂ ಸೈನ್ಸ್ ತಗೊಳ್ಳಲಿಲ್ಲ. ಅವರಲ್ಲಿ ಒಬ್ಬಳು ತರಗತಿಯಲ್ಲಿ ಎದ್ದು ನಿಂತು, ‘ಬಾವಿಗೆ ಮೋಟರು ಮೇಲೆ ಇಡ್ತಾರೆ, ಬೋರಿಗೆ ಮಾತ್ರ ಯಾಕೆ ಕೆಳಗೆ ಇಳಿಸ್ತಾರೆ ಸಾರ್’ ಅಂತ ಕೇಳಿದವಳು. ಅವಳೀಗ ಆರ್ಟ್ಸ್ ಸೇರಿ ಮೂರು ವಾರ ಆಯಿತು. ಇಂಥ ಮಕ್ಕಳಿಗೆ ಭೌತಶಾಸ್ತ್ರ ಓದಲು ಪ್ರೋತ್ಸಾಹ ಕೊಡೋದು ಹೇಗೆ? ಓದಿದ ಮೇಲೆ ಕೆಲಸ ಸಿಗದಿದ್ದರೆ ಅಂತ ಹೆದರಿಕೆಯೂ ಆಗುತ್ತದೆ.

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗಿಂತ ಆ ಹುಡುಗಿಯ ಪ್ರಶ್ನೆಯೇ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಅದಕ್ಕೆ ಮೊದಲು ಅದರ ವಿಷಯ ಹೇಳಿಬಿಡುತ್ತೇನೆ.

ಪಂಪು ನೀರನ್ನು ಮೇಲಕ್ಕೆ ಎಳೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜವಾಗಿ ಮೇಲಿಟ್ಟ ಪಂಪು ಮಾಡುವುದು ಇಷ್ಟೇ, ಪೈಪಿನ ಒಳಗಿನ ಗಾಳಿಯನ್ನು ಖಾಲಿ ಮಾಡುತ್ತದೆ. ಆಗ ಹೊರಗಿನ ಗಾಳಿ ನೀರಿನ ಮೇಲೆ ಒತ್ತಿ ಅದನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಗಾಳಿಯ ಆ ಶಕ್ತಿಗೆ ಒಂದು ಮಿತಿ ಇದೆ. ಎಷ್ಟೇ ದೊಡ್ಡ ಪಂಪು ತಂದರೂ ಸುಮಾರು 10 ಮೀಟರ್, ಅಂದರೆ 34 ಅಡಿ ಹತ್ತಿರ, ಅಷ್ಟಕ್ಕಿಂತ ಮೇಲೆ ಗಾಳಿ ನೀರನ್ನು ತಳ್ಳಲಾರದು. ಹಳೇ ತೆರೆದ ಬಾವಿಯಲ್ಲಿ ನೀರು ಮೇಲೇ ಇತ್ತು, ಮೋಟರು ದಡದಲ್ಲಿದ್ದರೂ ನಡೆಯುತ್ತಿತ್ತು. ನಮ್ಮ ಜಗಳೂರು, ಚಳ್ಳಕೆರೆ ಕಡೆ ನೂರಾರು ಅಡಿ ಕೊರೆದ ಬೋರಿಗೆ ಅದು ನಡೆಯಲ್ಲ. ಅದಕ್ಕೇ ಮೋಟರನ್ನೇ ನೀರಿನೊಳಗೆ ಇಳಿಸಿ ಕೆಳಗಿನಿಂದ ದಬ್ಬಬೇಕು.

ಇದರಲ್ಲಿ ಇನ್ನೂ ಒಂದು ವಿಷಯ ಇದೆ, ಅದನ್ನು ನೀವು ಅವಳಿಗೆ ಹೇಳಲೇಬೇಕು. 1600ರ ದಶಕಗಳಲ್ಲಿ ಇಟಲಿಯಲ್ಲಿ ಬಾವಿಯಿಂದ ನೀರೆತ್ತುವ ಪಂಪುಗಳು ಇದೇ ಹತ್ತು ಮೀಟರಿಗೆ ಬಂದು ನಿಂತುಬಿಡುತ್ತಿದ್ದವು. ಯಾಕೆ ಅಂತ ಗೆಲಿಲಿಯೊನನ್ನೇ ಕೇಳಿದರು. ಅವನ ಶಿಷ್ಯ ಟೊರಿಚೆಲ್ಲಿ ಆ ಪ್ರಶ್ನೆ ಹಿಡಿದು ಹೋಗಿ 1643ರಲ್ಲಿ ಪಾದರಸದ ಕೊಳವೆ ಮಾಡಿ ನೋಡಿದ. ಅಲ್ಲಿಂದಲೇ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರು ಬಂತು. ನಿಮ್ಮ ಹತ್ತನೇ ಕ್ಲಾಸಿನ ಹುಡುಗಿ ಯಾರೂ ಹೇಳಿಕೊಡದೆ, ಕ್ಲಾಸಿನಲ್ಲಿ ಎದ್ದು ನಿಂತು, ಅದೇ ಪ್ರಶ್ನೆ ಕೇಳಿದ್ದಾಳೆ.

ಇಂಥವಳಿಗೆ ಪ್ರೋತ್ಸಾಹ ಯಾತಕ್ಕೆ ಬೇಕು ಹೇಳಿ? ಆಸಕ್ತಿ ಅವಳಲ್ಲಿ ಆಗಲೇ ಇದೆ. ನಾನು 31 ವರ್ಷ ದಾವಣಗೆರೆಯಲ್ಲಿ ಪಿಯುಸಿ, ಡಿಗ್ರಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ್ದೇನೆ. ಆಸಕ್ತಿ ಇಲ್ಲದೆ ಬಿಟ್ಟುಹೋದ ತಾಂಡಾದ ಹುಡುಗಿಯನ್ನು ನೋಡಿದ ನೆನಪೇ ಇಲ್ಲ. ಬಿಟ್ಟವರೆಲ್ಲ ಬೇರೆ ಬೇರೆ ಕಾರಣಕ್ಕೆ ಬಿಟ್ಟರು. ಬಸ್ಸು, ಇಂಗ್ಲಿಷು, ಟ್ಯೂಷನ್ ಫೀಸು, ಯಾರೋ ಆಡಿದ ಒಂದು ಮಾತು. ಇಂಥವು. ಹಾಗಾಗಿ ಮಕ್ಕಳನ್ನು ಕೂರಿಸಿಕೊಂಡು ‘ನೀವೂ ವಿಜ್ಞಾನಿ ಆಗಬಹುದು’ ಅಂತ ಭಾಷಣ ಮಾಡುವುದರಲ್ಲಿ ನನಗೆ ನಂಬಿಕೆ ಕಡಿಮೆ. ಅವರು ಯಾವ ಸ್ಟಾಪಿನಲ್ಲಿ ಇಳಿದುಹೋಗುತ್ತಿದ್ದಾರೆ ಅಂತ ನೋಡಬೇಕು. ಆ ಸ್ಟಾಪಿನಲ್ಲಿ ನಾವು ಹೋಗಿ ನಿಂತುಕೊಳ್ಳಬೇಕು.

ಮೊದಲನೇ ಸ್ಟಾಪು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲಿನ ಎರಡು ಮೂರು ವಾರ. ಇಡೀ ವರ್ಷ ನೀವು ಎಷ್ಟೇ ಚೆನ್ನಾಗಿ ಪಾಠ ಮಾಡಿರಿ, ಆ ಮೂರು ವಾರದಲ್ಲಿ ಮನೆಯ ಜಗಲಿ ಮೇಲೆ ಕೂತು ಮಾತಾಡುವವರು ಬೇರೆಯವರು. ‘ಹುಡುಗಿಗೆ ಸೈನ್ಸ್ ಯಾತಕ್ಕೆ, ಕಷ್ಟ, ಫೇಲಾದರೆ ಏನ್ಮಾಡ್ತೀರಿ’ ಅಂತ ಸಂಬಂಧಿಕರು ಅನ್ನುತ್ತಾರೆ. ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇರುವುದಿಲ್ಲ. ಇರುವ ಕಾಲೇಜು 30 ಕಿಲೋಮೀಟರ್ ದೂರ. ಈಗ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ, 2023ರ ಜೂನ್‌ನಿಂದ ಅದೊಂದು ಭಾರ ಇಳಿದಿದೆ, ಆದರೆ ಪ್ರಾಕ್ಟಿಕಲ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ಊರಿಗೆ ಹೋಗುವ ಕಡೇ ಬಸ್ಸು ಹೊರಟುಹೋಗಿದ್ದರೆ ಟಿಕೆಟ್ ಇಲ್ಲದಿದ್ದು ಏನು ಪ್ರಯೋಜನ? ಆರ್ಟ್ಸ್ ಆದರೆ ಮಧ್ಯಾಹ್ನವೇ ಮನೆಗೆ ಬರಬಹುದು. ಅಪ್ಪ ಅವ್ವ ಈ ಲೆಕ್ಕ ಹಾಕಿ ಆರ್ಟ್ಸ್ ಅನ್ನುತ್ತಾರೆ. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇರುವುದರಿಂದಲೇ ಹೆದರುತ್ತಾರೆ.

ಅದಕ್ಕೆ ಆ ಸಮಯದಲ್ಲಿ ಮನೆಗೆ ಹೋಗಿ. ಹೋಗುವಾಗ ಕೈಯಲ್ಲಿ ವಿವರ ಇರಲಿ. ಯಾವ ಕಾಲೇಜಿನಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಇದೆ, ಲ್ಯಾಬು ಎಷ್ಟು ಹೊತ್ತಿಗೆ ಬಿಡುತ್ತದೆ, ಕಡೇ ಬಸ್ಸು ಎಷ್ಟಕ್ಕೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲು ಎಲ್ಲಿದೆ, ಅರ್ಜಿ ಕಡೇ ದಿನ ಯಾವುದು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ ಒಂದಿಷ್ಟು ಹಣ ಕೊಡುತ್ತಾರೆ. ಆ ಅವ್ವನಿಗೆ ‘ನಿಮ್ಮ ಮಗಳು ವಿಜ್ಞಾನಿ ಆಗ್ತಾಳೆ’ ಅಂದರೆ ಸುಮ್ನೆ ತಲೆ ಆಡಿಸುತ್ತಾಳೆ. ‘ಹಾಸ್ಟೆಲ್ಲು ಕಾಲೇಜಿನಿಂದ ನಡೆದುಹೋಗುವಷ್ಟು ದೂರ, ವಾರ್ಡನ್ ಹೆಂಗಸರೇ, ಬನ್ನಿ ಒಂದಿನ ನೋಡಿಕೊಂಡು ಬರೋಣ’ ಅಂದರೆ ಮಾತು ಶುರುವಾಗುತ್ತದೆ.

ಇನ್ನೊಂದು ಮಾತು, ಇದನ್ನು ನಾನು ತಡವಾಗಿ ಕಲಿತೆ. ಒಬ್ಬಳನ್ನೇ ಕಳಿಸಬೇಡಿ. ಇಬ್ಬರನ್ನು ಒಂದೇ ಕಾಲೇಜಿಗೆ, ಒಂದೇ ಕಾಂಬಿನೇಷನ್‌ಗೆ ಸೇರಿಸಿ. ಮೂರಾದರೆ ಇನ್ನೂ ಒಳ್ಳೇದು. ಹಟ್ಟಿಯಿಂದ ಬಂದ ಒಂಟಿ ಹುಡುಗಿ ಒಂದು ಟೆಸ್ಟಿನಲ್ಲಿ ಕಡಿಮೆ ಅಂಕ ಬಂದರೆ ‘ಇದು ನನ್ನಂಥವರಿಗಲ್ಲ’ ಅಂದುಕೊಳ್ಳುತ್ತಾಳೆ. ಇಬ್ಬರಿದ್ದರೆ ‘ಪೇಪರ್ ಕಷ್ಟ ಇತ್ತು ಕಣೇ’ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಕಪ್ಪು ಜನಾಂಗದ ಮಕ್ಕಳು ಫಿಸಿಕ್ಸ್ ಡಿಗ್ರಿಗೆ ಯಾಕೆ ಅಷ್ಟು ಕಡಿಮೆ ಅಂತ ಅಲ್ಲಿನ ಭೌತವಿಜ್ಞಾನ ಸಂಸ್ಥೆಯ ತಂಡವೊಂದು ನೋಡಿ 2020ರಲ್ಲಿ ವರದಿ ಕೊಟ್ಟಿತು. ಅವರು ಹೇಳಿದ ಕಾರಣಗಳಲ್ಲಿ ಮುಖ್ಯವಾದದ್ದು, ಇದು ನನ್ನ ಜಾಗ ಅನ್ನಿಸುವುದು ಅಥವಾ ಅನ್ನಿಸದೆ ಇರುವುದು. ದುಡ್ಡಿನ ಮಾತೂ ಅದರಲ್ಲಿತ್ತು. ಆದರೆ ಆ ಅನ್ನಿಸಿಕೆಯನ್ನು ಬಿಟ್ಟು ಬೇರೇನು ಮಾಡಿದರೂ ಸಾಲದು ಅಂತ ನನಗೆ ಅದನ್ನು ಓದುವ ಮೊದಲೇ ಗೊತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ನಾನು ಜಗಳೂರು ತಾಲೂಕಿನ ಹಳ್ಳಿಯವಳು. ಅಪ್ಪ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದರು. 1981ರಲ್ಲಿ ದಾವಣಗೆರೆಗೆ ಬಂದು ಪಿಯುಸಿ ಸೇರಿದೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು ನಾನು. ಎರಡನೇ ವಾರ ಕ್ಲಾಸಿನಲ್ಲಿ ಎದ್ದು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದೆ. ಪಾಠ ಮಾಡುತ್ತಿದ್ದವರು, ‘ಇಲ್ಲಿ ಇಂಗ್ಲಿಷ್‌ನಲ್ಲಿ ಕೇಳು, ಇಲ್ಲದಿದ್ದರೆ ಆರ್ಟ್ಸ್ ಕ್ಲಾಸು ಆ ಕಡೆ ಇದೆ’ ಅಂದರು. ಎಲ್ಲರೂ ನಕ್ಕರು. ಆಮೇಲೆ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬರುವುದಿಲ್ಲ ಅಂತ ಅವ್ವನಿಗೆ ಹೇಳಿಯೂ ಆಗಿತ್ತು.

ನನ್ನನ್ನು ಉಳಿಸಿದವರು ಲ್ಯಾಬಿನ ಅಟೆಂಡರ್. ಪ್ರಾಕ್ಟಿಕಲ್‌ನಲ್ಲಿ ಆರು ಜನರ ಗುಂಪು. ಹುಡುಗರು ಸಾಮಾನು ಹಿಡಿಯುವುದು, ನಾನು ರೀಡಿಂಗ್ ಬರೆಯುವುದು. ಒಂದಿನ ಅವರು ಬಂದು ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜನ್ನು ಹುಡುಗರ ಕೈಯಿಂದ ತಗೊಂಡು ನನ್ನ ಕೈಗೆ ಕೊಟ್ಟು, ‘ತಗಾ ತಂಗಿ, ನೀನೇ ತಿರುಗ್ಸಿ ನೋಡು’ ಅಂದರು. ತಂತಿ ಅಳೆದ ಮೇಲೆ ನನ್ನ ತಲೆಕೂದಲನ್ನೇ ಒಂದೆಳೆ ಕಿತ್ತು ಇಟ್ಟು ನೋಡಿದೆ. 0.07 ಮಿಲಿಮೀಟರ್. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಏಳು ಪಾಲು, ನನ್ನ ಕೂದಲು. ಅದನ್ನು ಯಾರ ಭಾಷೆಯನ್ನೂ ಕೇಳದೆ ನಾನೇ ಕಂಡುಕೊಂಡಿದ್ದೆ. ರಜೆ ಮುಗಿಸಿ ವಾಪಸ್ ಬಂದದ್ದು ಅದಕ್ಕೇ.

ಹಾಗಾಗಿ ಎರಡನೇ ಸ್ಟಾಪು ಇದು, ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು. ಅಲ್ಲಿ ಮಕ್ಕಳು ಭೌತಶಾಸ್ತ್ರದಲ್ಲಿ ಸೋಲುವುದಿಲ್ಲ, ಇಂಗ್ಲಿಷ್ ಪದಗಳಲ್ಲಿ ಸೋಲುತ್ತಾರೆ. ಇದಕ್ಕೆ ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್, ಮೇ ಎರಡು ತಿಂಗಳು ಚಿನ್ನದಂಥ ಸಮಯ. ಒಂದು ನೋಟ್‌ಬುಕ್ ತಗೊಳ್ಳಿ, ಎರಡು ಕಾಲಂ ಹಾಕಿಸಿ. ಒಂದು ಕಡೆ ನಮ್ಮ ಪುಸ್ತಕದ ಪದ, ಇನ್ನೊಂದು ಕಡೆ ಕಾಲೇಜಿನ ಪದ. ಜಡತ್ವ, ಇನರ್ಷಿಯಾ. ಸಂವೇಗ, ಮೊಮೆಂಟಮ್. ವಕ್ರೀಭವನ, ರಿಫ್ರ್ಯಾಕ್ಷನ್. ದಿನಕ್ಕೆ ಐದು ಪದ ಆದರೂ ಎರಡು ತಿಂಗಳಿಗೆ 300 ಪದ. ಅಷ್ಟು ಸಾಕು, ನಿಜಕ್ಕೂ ಸಾಕು. ಅದರ ಜೊತೆ ಅವರಿಗೆ ಒಂದು ಧೈರ್ಯವನ್ನೂ ಹೇಳಿ. ನಮ್ಮ ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ, ವೇಗೋತ್ಕರ್ಷ ಬೇರೆ ಅಂತ ಕಲಿತ ಮಗುವಿಗೆ ಸ್ಪೀಡು, ವೆಲಾಸಿಟಿ, ಆ್ಯಕ್ಸಲರೇಷನ್ ಗೊತ್ತೇ ಇದೆ. ಪದದ ಮೇಲಿನ ಚೀಟಿ ಬದಲಾಗಿದೆ ಅಷ್ಟೇ. ಕನ್ನಡದಲ್ಲಿ ಓದಿದ್ದು ಹಾಳಾಗಿಲ್ಲ ಅನ್ನುವುದು ಅವರಿಗೆ ಯಾರಾದರೂ ದೊಡ್ಡವರು ಹೇಳಬೇಕು.

ಗಣಿತವನ್ನೂ ಆಗಲೇ ಸ್ವಲ್ಪ ನೋಡಿ. ಹತ್ತರ ಘಾತ, ಅನುಪಾತ, ಗ್ರಾಫಿನ ಇಳಿಜಾರು, ಸೈನ್ ಕಾಸ್. ಫಿಸಿಕ್ಸ್ ಬರಲ್ಲ ಅನ್ನುವ ಮಕ್ಕಳಲ್ಲಿ ತುಂಬ ಜನ ನಿಂತಿರುವುದು ಇಲ್ಲಿ.

ಲ್ಯಾಬಿನ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕಂದರೆ ಇದು ನಿಮ್ಮ ಶಾಲೆಯಲ್ಲೇ, ನಾಳೆಯಿಂದಲೇ ಆಗುವ ಕೆಲಸ. ನಿಮ್ಮ ಪ್ರಯೋಗದ ಪೀರಿಯಡ್‌ನಲ್ಲಿ ಸುಮ್ನೆ ಹತ್ತು ನಿಮಿಷ ನೋಡಿ, ಸಾಮಾನು ಯಾರ ಕೈಯಲ್ಲಿದೆ, ಪೆನ್ನು ಯಾರ ಕೈಯಲ್ಲಿದೆ. ಹೆಚ್ಚಿನ ಕಡೆ ಬ್ಯಾಟರಿ, ವೈರು, ಲೆನ್ಸು ಹುಡುಗರ ಕೈಯಲ್ಲಿರುತ್ತದೆ. ‘ಅಕ್ಷರ ಚೆಂದ ಇದೆ’ ಅಂತ ಹುಡುಗಿಯರನ್ನು ಬರೆಯಲು ಕೂರಿಸುತ್ತೇವೆ. ಹಿಂದೆ ನಿಂತವರು ಯಾರು ಅಂತಲೂ ನೋಡಿ. ಊರಿನಲ್ಲಿ ಯಾರು ಹಿಂದೆ ನಿಲ್ಲುತ್ತಾರೋ ಅವರ ಮಕ್ಕಳೇ ಲ್ಯಾಬಿನಲ್ಲೂ ಹಿಂದೆ ನಿಂತಿರುತ್ತಾರೆ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಆದರೆ ಪ್ರತಿ ವಾರ ಆಗುತ್ತದೆ. ಕೈ ಬದಲಾಯಿಸಿ. ಈ ವಾರ ಬರೆದವರು ಮುಂದಿನ ವಾರ ಹಿಡಿಯಬೇಕು. ಗುಂಪು ಮೂರಕ್ಕಿಂತ ದೊಡ್ಡದಿರಬಾರದು. ಸಾಮಾನು ಕಡಿಮೆ ಇದ್ದರೆ ಪ್ರಯೋಗ ಎರಡು ದಿನ ನಡೆಯಲಿ, ಪರವಾಗಿಲ್ಲ.

ಮತ್ತೆ ಸಾಮಾನು ಎಲ್ಲ ಅಂಗಡಿಯಿಂದಲೇ ಬರಬೇಕು ಅಂತಿಲ್ಲ. ಹಟ್ಟಿಯ ಮಕ್ಕಳಿಗೆ ಕಂಬಳಿ ಗೊತ್ತು. ಚಳಿಗಾಲದ ರಾತ್ರಿ, ದೀಪ ಆರಿಸಿದ ಮೇಲೆ, ಕಂಬಳಿ ಸರಕ್ಕನೆ ಎಳೆದರೆ ಚಟಚಟ ಅಂತ ಸಣ್ಣ ಕಿಡಿ ಕಾಣುತ್ತದೆ. ಸ್ಥಾಯಿ ವಿದ್ಯುತ್ತಿನ ಪಾಠ ಅಲ್ಲಿಂದ ಶುರು ಮಾಡಿ. ‘ನಿಮ್ಮಲ್ಲಿ ಯಾರು ಇದನ್ನು ನೋಡಿದ್ದೀರಿ’ ಅಂತ ಕೇಳಿ. ಆವತ್ತು ಕೈ ಎತ್ತುವವರು ಬೇರೆಯೇ ಮಕ್ಕಳಾಗಿರುತ್ತಾರೆ. ಶೇಂಗಾ ತೂರುವಾಗ ಸಿಪ್ಪೆ ದೂರ ಹಾರಿ ಕಾಳು ಹತ್ತಿರ ಬೀಳುವುದು ಎಲ್ಲರೂ ನೋಡಿದ್ದು. ನನ್ನ ಹತ್ತಿರ ಓದಿದ ಒಬ್ಬ ಹುಡುಗಿಯ ಮನೆಯವರು ಇಲ್ಲಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಉಷ್ಣದ ಪಾಠ ಬಂದಾಗ ಅವಳನ್ನೇ ನಿಲ್ಲಿಸಿ ಕೇಳಿದೆ, ಅಕ್ಕಿಯನ್ನು ಬರೀ ಬಾಣಲೆಯಲ್ಲಿ ಹುರಿಯದೆ ಕಾದ ಮರಳಿಗೆ ಯಾಕೆ ಹಾಕುತ್ತಾರೆ ಅಂತ. ಅವಳು ಒಂದು ನಿಮಿಷ ಯೋಚಿಸಿ, ‘ಬಾಣಲೆ ಆದ್ರೆ ಒಂದೇ ಕಡೆ ಸುಡುತ್ತೆ ಮಿಸ್, ಮರಳು ಸುತ್ತಲೂ ಮುಟ್ಟುತ್ತೆ’ ಅಂದಳು. ಸರಿಯಾದ ಉತ್ತರ. ಸುತ್ತ ಒಮ್ಮೆಲೇ ಶಾಖ ಸಿಕ್ಕಾಗ ಕಾಳಿನೊಳಗಿನ ನೀರು ಉಗಿಯಾಗುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಕಾಳನ್ನೇ ಉಬ್ಬಿಸುತ್ತದೆ. ಭಟ್ಟಿಯ ಹೊಗೆ ವಾಸನೆ ಬಟ್ಟೆಗೆ ಹತ್ತಿದೆ ಅಂತ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಅವಳು. ಅವತ್ತು ಇಡೀ ಕ್ಲಾಸಿಗೆ ಅವಳೇ ಪಾಠ ಮಾಡಿದಳು.

ಇನ್ನು ಸಾಧಕರ ಕಥೆ. ಗೋಡೆಯ ಮೇಲೆ ಐನ್‌ಸ್ಟೈನ್ ಫೋಟೋ ಹಾಕಿದರೆ ಮಗುವಿಗೆ ಅನ್ನಿಸುವುದು, ಇವರು ಬೇರೆ ಲೋಕದವರು ಅಂತ. ಕಥೆ ಹೇಳಿದರೆ ಪೂರ್ತಿ ಹೇಳಿ. ಅವರಿಗೆ ಆದ ನೋವನ್ನು ಬಿಟ್ಟು ಬರೀ ಗೆದ್ದದ್ದನ್ನು ಹೇಳಬೇಡಿ.

ಮೇಘನಾದ ಸಹಾ ಅವರನ್ನೇ ತಗೊಳ್ಳಿ. 1893ರಲ್ಲಿ ಹುಟ್ಟಿದವರು, ಢಾಕಾ ಹತ್ತಿರದ ಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರ ಮಗ. ಮೇಲಿನ ಜಾತಿ ಅಲ್ಲ ಅಂತ ಕಲ್ಕತ್ತೆಯ ಹಾಸ್ಟೆಲಿನಲ್ಲಿ ಕೆಲವು ಹುಡುಗರು ಅವರ ಜೊತೆ ಊಟಕ್ಕೆ ಕೂರಲು ಒಪ್ಪಲಿಲ್ಲ. ಅದೇ ಮನುಷ್ಯ 1920ರಲ್ಲಿ ಒಂದು ಸಮೀಕರಣ ಬರೆದರು. ಇಷ್ಟು ಬಿಸಿ, ಇಷ್ಟು ಒತ್ತಡ ಇರುವಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಅಂತ ಅದು ಹೇಳುತ್ತದೆ. ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ಎಷ್ಟು, ಒಳಗೇನಿದೆ ಅಂತ ಲೆಕ್ಕ ಹಾಕಲು ದಾರಿ ಸಿಕ್ಕಿದ್ದು ಇದರಿಂದ. ಕಥೆ ಇಲ್ಲಿಗೆ ಮುಗಿಯಲ್ಲ. ಇಂಗ್ಲೆಂಡಿನಲ್ಲಿ ಸೆಸಿಲಿಯಾ ಪೇನ್ ಅಂತ ಒಬ್ಬ ಹುಡುಗಿ ಕೇಂಬ್ರಿಜ್‌ನಲ್ಲಿ ಓದಿದಳು. ಆಗ ಅಲ್ಲಿ ಹೆಣ್ಣುಮಕ್ಕಳು ಓದಬಹುದಿತ್ತು, ಡಿಗ್ರಿ ಮಾತ್ರ ಕೊಡುತ್ತಿರಲಿಲ್ಲ. ಅವಳು ಅಮೆರಿಕಕ್ಕೆ ಹೋಗಿ ಸಹಾ ಅವರ ಸಮೀಕರಣವನ್ನು ನಕ್ಷತ್ರಗಳಿಗೆ ಹಚ್ಚಿ 1925ರಲ್ಲಿ ಒಂದು ಉತ್ತರ ಕಂಡುಕೊಂಡಳು. ನಕ್ಷತ್ರದಲ್ಲಿ ಹೆಚ್ಚುಪಾಲು ಇರುವುದು ಹೈಡ್ರೋಜನ್, ಆಮೇಲೆ ಹೀಲಿಯಂ. ಆಗಿನ ದೊಡ್ಡ ವಿಜ್ಞಾನಿ ರಸೆಲ್ ಅದನ್ನು ಒಪ್ಪಲಿಲ್ಲ. ಅವರ ಮಾತಿಗೆ ತನ್ನ ಪ್ರಬಂಧದಲ್ಲಿ ‘ಈ ಲೆಕ್ಕ ನಿಜವಾಗಿರಲಾರದು’ ಅಂತ ಅವಳೇ ಬರೆಯಬೇಕಾಯಿತು. ನಾಲ್ಕು ವರ್ಷ ಕಳೆದು ರಸೆಲ್ ಅವರೇ ಬೇರೆ ದಾರಿಯಿಂದ ಹೋಗಿ ಅದೇ ಉತ್ತರಕ್ಕೆ ಬಂದರು. ಊಟದ ಸಾಲಿನಿಂದ ದೂರ ಇಟ್ಟ ಹುಡುಗ, ಡಿಗ್ರಿ ಕೊಡದೆ ಕಳಿಸಿದ ಹುಡುಗಿ, ಇವರಿಬ್ಬರ ಕೆಲಸ ಸೇರಿದ್ದಕ್ಕೆ ಸೂರ್ಯ ಯಾತರಿಂದ ಆಗಿದ್ದಾನೆ ಅಂತ ನಮಗೆ ಗೊತ್ತಾಯಿತು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತಿತ್ತು.

ಚಿತ್ರದುರ್ಗದ ಮಕ್ಕಳಿಗೆ ಜೋಗಿಮಟ್ಟಿ ಗುಡ್ಡದ ಗಾಳಿ ಫ್ಯಾನುಗಳನ್ನು ತೋರಿಸಿ ಅಣ್ಣಾ ಮಣಿ ಅವರ ಕಥೆ ಹೇಳಿ. ಕೇರಳದವರು, 1918ರಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಬರೆದರು. ಎಂಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆಮೇಲೆ ಅವರು ಹವಾಮಾನ ಇಲಾಖೆ ಸೇರಿ ಮಳೆ, ಗಾಳಿ, ಬಿಸಿಲು ಅಳೆಯುವ ಸಾಧನಗಳನ್ನು ನಮ್ಮ ದೇಶದಲ್ಲೇ ಮಾಡಿಸಿದರು. ಭಾರತದಲ್ಲಿ ಎಲ್ಲಿ ಎಷ್ಟು ಗಾಳಿ ಬೀಸುತ್ತದೆ ಅನ್ನುವ ಲೆಕ್ಕವನ್ನು 1983ರಲ್ಲಿ ಒಟ್ಟು ಮಾಡಿ ಪ್ರಕಟಿಸಿದರು. ಇಂಥ ಲೆಕ್ಕ ಇಲ್ಲದೆ ಗುಡ್ಡದ ಮೇಲೆ ಫ್ಯಾನು ನಿಲ್ಲಿಸುವ ಹಾಗಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಅಳತೆ ಸ್ವಲ್ಪ ತಪ್ಪಿದರೂ ಲೆಕ್ಕ ಪೂರ್ತಿ ಕೆಡುತ್ತದೆ. ಎರಡು ಎಂಟಾಗುವುದು ಹೇಗೆ ಅಂತ ಮಕ್ಕಳನ್ನೇ ಕೇಳಿ, ಘನ ಅಂದರೇನು ಅಂತ ಅಲ್ಲೇ ಕಲಿಯುತ್ತಾರೆ.

ಎಚ್. ನರಸಿಂಹಯ್ಯನವರ ಹೆಸರು ನಿಮಗೆ ಗೊತ್ತೇ ಇದೆ. ಗೌರಿಬಿದನೂರಿನ ಹೊಸೂರಿನವರು, ಬಡ ಹಿಂದುಳಿದ ಮನೆಯಲ್ಲಿ ಹುಟ್ಟಿದವರು. 1935ರಲ್ಲಿ ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಮುಂದೆ ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು.

ಆದರೂ ಮೇಷ್ಟ್ರೇ, ಈ ಎಲ್ಲ ಕಥೆಗಳಿಗಿಂತ ಜಾಸ್ತಿ ಕೆಲಸ ಮಾಡುವುದು ಅದೇ ಹಟ್ಟಿಯಿಂದ ಎರಡು ವರ್ಷ ಮುಂಚೆ ಹೋಗಿ ಬಿಎಸ್ಸಿ ಓದುತ್ತಿರುವ ಹುಡುಗಿ. ಅವಳನ್ನು ರಜೆಯಲ್ಲಿ ಶಾಲೆಗೆ ಕರೆಸಿ. ನೀವು ಕ್ಲಾಸಿನಿಂದ ಹೊರಗೆ ಹೋಗಿಬಿಡಿ. ಹಾಸ್ಟೆಲಿನ ಊಟ ಹೇಗಿದೆ, ಮೊದಲನೇ ಟೆಸ್ಟಿನಲ್ಲಿ ಎಷ್ಟು ಬಂತು, ಯಾರಾದರೂ ಜಾತಿ ಕೇಳಿದರಾ, ಇದನ್ನೆಲ್ಲ ಮಕ್ಕಳು ಅವಳನ್ನು ಕೇಳುತ್ತಾರೆ, ನಿಮ್ಮನ್ನು ಕೇಳಲ್ಲ. ನಿಮ್ಮ ಶಾಲೆಯಿಂದ ಅಂಥವಳು ಇನ್ನೂ ಇಲ್ಲದಿದ್ದರೆ ಪಕ್ಕದ ಊರಿನವಳನ್ನು ಹುಡುಕಿ.

ಈಗ ಕೆಲಸದ ವಿಷಯ. ನೀವು ಹೆದರಿದ್ದು ಸರಿಯಾಗಿದೆ, ಅದನ್ನು ಮುಚ್ಚಿಡಬಾರದು. ಬರೀ ಬಿಎಸ್ಸಿ ಮಾಡಿ ನಿಂತರೆ ಕಷ್ಟ. ಬಿಎಸ್ಸಿ ಜೊತೆ ಇನ್ನೊಂದು ಹೆಜ್ಜೆ ಇರಲೇಬೇಕು, ಆ ಹೆಜ್ಜೆ ಯಾವುದು ಅಂತ ಸೇರುವಾಗಲೇ ಮನೆಯವರಿಗೆ ಹೇಳಬೇಕು. ಬೇಗ ಸಂಬಳ ಬೇಕು ಅನ್ನುವ ಮನೆಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಒಳ್ಳೆ ದಾರಿ. ಅಲ್ಲಿ ಬಿಎಸ್ಸಿ, ಬಿಎಡ್ ಎರಡೂ ಸೇರಿ ನಾಲ್ಕು ವರ್ಷ, ಪ್ರವೇಶ ಪರೀಕ್ಷೆ ಇದೆ. ಇನ್ನೂ ಆಳವಾಗಿ ಓದುವ ಹಂಬಲ ಇರುವವರಿಗೆ ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳು, ಅಂದರೆ ಐಸರ್‌ಗಳಿವೆ, ಐದು ವರ್ಷದ ಬಿಎಸ್-ಎಂಎಸ್. ದ್ವಿತೀಯ ಪಿಯುಸಿಯಲ್ಲಿರುವಾಗಲೇ ಅವುಗಳ ಐಎಟಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಬಿಎಸ್ ಕೋರ್ಸಿಗೂ ಅದರ ಮೂಲಕ ಹೋಗಬಹುದು. ಎಲ್ಲ ಕಡೆ ಮೀಸಲಾತಿ ಇದೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ, ಎಷ್ಟೋ ಮಕ್ಕಳು ಆ ಒಂದು ಕಾಗದಕ್ಕೆ ಸೀಟು ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆ, ಈಗಲೂ ಅರ್ಜಿ ತಗೊಳ್ಳುತ್ತಾರಾ ಅಂತ ವಿಚಾರಿಸಿ. ಫಿಸಿಕ್ಸ್ ಓದಿದವರನ್ನು ಹವಾಮಾನ ಇಲಾಖೆ ತಗೊಳ್ಳುತ್ತದೆ, ಭಾಭಾ ಅಣು ಸಂಶೋಧನಾ ಕೇಂದ್ರ (ಬಾರ್ಕ್) ತರಬೇತಿಗೆ ತಗೊಳ್ಳುತ್ತದೆ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೇಡಿಯೇಷನ್ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವವರೂ ಫಿಸಿಕ್ಸ್ ಓದಿದವರೇ. ಪಿಯು ಕಾಲೇಜಿನ ಉಪನ್ಯಾಸಕಿ ಕೆಲಸ ಅಂತೂ ನನ್ನ ಮನೆಯನ್ನೇ ಎತ್ತಿ ನಿಲ್ಲಿಸಿತು.

ನಿಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಇದೆ, ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ನಿಮ್ಮ ತಾಲೂಕಿನ ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1500 ಎಕರೆ ಕೊಟ್ಟಿದ್ದಾರೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆ ಆಯಿತು. ಇಸ್ರೋಗೆ, ಬಾರ್ಕ್‌ಗೆ ಜಾಗ ಇದೆ. ಇದೆಲ್ಲ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ನಿಮ್ಮ ಮಕ್ಕಳ ಅಜ್ಜಂದಿರು ಕುರಿ, ದನ ಮೇಯಿಸಿದ ನೆಲ. ಅದು ಕೈತಪ್ಪಿದಾಗ ಸುತ್ತಲಿನ ಊರಿನವರು ಹಸಿರು ನ್ಯಾಯಮಂಡಳಿವರೆಗೆ ಹೋಗಿದ್ದರು. ಹೋದ ನೆಲ ಹೋಯಿತು. ಆ ಬೇಲಿಯ ಒಳಗೆ ಈ ಮಕ್ಕಳು ಬರೀ ಕಾವಲುಗಾರರಾಗಿ, ತೋಟದ ಕೆಲಸಕ್ಕೆ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಲ್ಯಾಬಿನಲ್ಲಿ ಕೂತು ಅಳೆಯುವವರಲ್ಲೂ ಆ ಹಟ್ಟಿಗಳವರು ಇರಬೇಕು. ವಿಜ್ಞಾನ ಸಂಸ್ಥೆಯವರು ಅದೇ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ನೀವು ಇನ್ನೂ ಹೋಗಿಲ್ಲದಿದ್ದರೆ ಇಲಾಖೆಯಲ್ಲಿ ಕೇಳಿ ಹೋಗಿಬನ್ನಿ. ಬರುವಾಗ ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಬಹುದಾ ಅಂತ ಕೇಳಿಕೊಂಡೇ ಬನ್ನಿ.

ಹಾಗಂತ ನಾಲ್ಕೂ ಹುಡುಗಿಯರು ಫಿಸಿಕ್ಸ್ ಓದಲೇಬೇಕು ಅಂತ ನಾನು ಹೇಳುತ್ತಿಲ್ಲ. ಇತಿಹಾಸ ಇಷ್ಟ ಇದ್ದು ಆರ್ಟ್ಸ್ ತಗೊಂಡವಳು ಚೆನ್ನಾಗಿ ಓದಲಿ. ಕಡೇ ಬಸ್ಸಿಗೆ ಹೆದರಿ ಆರ್ಟ್ಸ್ ತಗೊಂಡವಳ ವಿಷಯ ಮಾತ್ರ ಬೇರೆ, ಅಲ್ವಾ?

ಅದಕ್ಕೆ ಬೋರ್‌ವೆಲ್ ಪ್ರಶ್ನೆಯ ಹುಡುಗಿಯನ್ನು ಈ ವಾರವೇ ನೋಡಿ. ಆರ್ಟ್ಸ್ ಸೇರಿ ಮೂರೇ ವಾರ ಆಗಿದೆ ಅಂದಿರಿ. ಶುರುವಿನ ವಾರಗಳಲ್ಲಿ ಕಾಂಬಿನೇಷನ್ ಬದಲಾಯಿಸಲು ಅವಕಾಶ ಇರುತ್ತದೆ, ಅದಕ್ಕೆ ಕಡೇ ದಿನ ಯಾವುದು ಅಂತ ಮೊದಲು ಪ್ರಿನ್ಸಿಪಾಲರನ್ನು ಕೇಳಿ. ಅವಳ ಕಾಲೇಜಿನಲ್ಲಿ ಸೈನ್ಸ್ ಇಲ್ಲದಿದ್ದರೆ ಟಿಸಿ ತಗೊಂಡು ಬೇರೆ ಕಡೆ ಸೇರಿಸಬೇಕಾಗುತ್ತದೆ. ಹಾಸ್ಟೆಲ್ ಇರುವ ಊರೇ ನೋಡಿ. ಉಳಿದ ಮೂವರಲ್ಲಿ ಒಬ್ಬಳಾದರೂ ಜೊತೆಗೆ ಬರುತ್ತಾಳಾ ಕೇಳಿ. ಮೂರು ವಾರದ ಪಾಠ ಹೋಗಿದ್ದರೆ ಅದು ದೊಡ್ಡ ವಿಷಯವೇ ಅಲ್ಲ. ಅದು ಅಳತೆ, ಮೂಲಮಾನಗಳ ಪಾಠ ಇರುತ್ತದೆ, ನಾಲ್ಕು ಭಾನುವಾರದಲ್ಲಿ ನಾನು ಫೋನಿನಲ್ಲೇ ಕನ್ನಡದಲ್ಲಿ ಹೇಳಿಕೊಡುತ್ತೇನೆ. ಅವಳು ಒಪ್ಪಿದರೆ ನನ್ನ ಹಳೇ ಸ್ಕ್ರೂಗೇಜನ್ನು ನಿಮ್ಮ ಶಾಲೆಯ ವಿಳಾಸಕ್ಕೆ ಕಳಿಸುತ್ತೇನೆ, ಮೊದಲು ಅವಳ ಕೈಗೇ ಕೊಡಿ.